ಕೋವರ್ಕಿಂಗ್ ಜಾಗಕ್ಕೆ ಹೋದರೆ ನಮ್ಮ ಸಹಾಯಕರ ಗತಿ?

ಪ್ರಶ್ನೆ: ಸಣ್ಣ ಆಸ್ಪತ್ರೆ ಮತ್ತು ಪ್ರಯೋಗಾಲಯಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡುವ ಹನ್ನೊಂದು ಜನರ ಸಂಸ್ಥೆ ನಮ್ಮದು. ಅವರಲ್ಲಿ ಇಬ್ಬರು ಸೋಮವಾರ ಬಿಟ್ಟರೆ ಉಳಿದ ದಿನವೆಲ್ಲ ಆಸ್ಪತ್ರೆಗಳಲ್ಲೇ ಇರುತ್ತಾರೆ. ಜಯನಗರದಲ್ಲಿ ಮನೆಯೊಂದರ ಮೊದಲ ಮಹಡಿಯಲ್ಲಿದ್ದೇವೆ. ಬಾಡಿಗೆ 62,000 ರೂಪಾಯಿ, ಮುಂಗಡ ಹತ್ತು ತಿಂಗಳದ್ದು. ವಿದ್ಯುತ್, ಇಂಟರ್‌ನೆಟ್, ಹಾಲು, ಕಾಫಿಪುಡಿ, ಶುಚಿತ್ವಕ್ಕೆ 19,000. ಆರು ವರ್ಷಗಳಿಂದ ಬೆಳಿಗ್ಗೆ ಬೀಗ ತೆಗೆದು, ಕಾಫಿ ಮಾಡಿ, ಬ್ಯಾಂಕಿಗೆ ಓಡಾಡುವ ಸಹಾಯಕರಿಗೆ 18,000. ಒಟ್ಟು 99,000. ಈಗ ಮಾಲೀಕರು ಮನೆ ಕೆಡವಿಸಿ ಹೊಸದು ಕಟ್ಟಿಸುತ್ತಾರಂತೆ. ಎಚ್‌ಎಸ್‌ಆರ್ ಬಡಾವಣೆಯ ಕೋವರ್ಕಿಂಗ್ ಜಾಗವೊಂದರಲ್ಲಿ, ಅಂದರೆ ಹಲವು ಸಂಸ್ಥೆಗಳು ಹಂಚಿಕೊಳ್ಳುವ ಕಚೇರಿಯಲ್ಲಿ, ಸೀಟಿಗೆ 8,500, ಮೇಲೆ ಜಿಎಸ್‌ಟಿ. ಹನ್ನೊಂದು ಸೀಟಿಗೆ 1,10,330 ಆಗುತ್ತದೆ. ಕಾಫಿ ಯಂತ್ರ, ಗುಡಿಸುವವರು ಎಲ್ಲ ಅಲ್ಲೇ ಇರುವುದರಿಂದ ಸಹಾಯಕರನ್ನು ಬಿಡಿಸೋಣ ಎನ್ನುತ್ತಾರೆ ನನ್ನ ಪಾಲುದಾರರು. ನನಗೆ ಮನಸ್ಸು ಬರುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಬಿಡಿಸಬೇಡಿ. ಮನಸ್ಸಿನ ಮಾತು ಹಾಗಿರಲಿ, ಮೊದಲು ನಿಮ್ಮ ಲೆಕ್ಕವನ್ನೇ ನೋಡೋಣ.

1,10,330ರಲ್ಲಿ 16,830 ಜಿಎಸ್‌ಟಿ. ನೀವು ತಂತ್ರಾಂಶ ಮಾರುವಾಗ ಗ್ರಾಹಕರಿಂದ ಶೇ 18ರಷ್ಟು ತೆರಿಗೆ ಪಡೆಯುತ್ತೀರಿ. ಅದನ್ನು ಸರ್ಕಾರಕ್ಕೆ ಕಟ್ಟುವಾಗ ಸೀಟಿಗೆ ಕೊಟ್ಟ ತೆರಿಗೆಯನ್ನು ಅದರಲ್ಲಿ ವಜಾ ಮಾಡಿಕೊಳ್ಳಬಹುದು. ಬಿಲ್ಲು ನಿಮ್ಮ ಜಿಎಸ್‌ಟಿ ಸಂಖ್ಯೆಯಲ್ಲಿ ಇರಬೇಕು. ಅಲ್ಲಿಗೆ ನಿಜವಾದ ಖರ್ಚು 93,500. ಇನ್ನು ಸೋಮವಾರ ಮಾತ್ರ ಬರುವ ಇಬ್ಬರಿಗೆ ತಿಂಗಳಿಡೀ ಸೀಟು ಏಕೆ? ಒಂಬತ್ತು ಸೀಟಿಗೆ 76,500. ಸಹಾಯಕರ ಸಂಬಳ ಸೇರಿಸಿದರೆ 94,500. ಈಗಿನ ಖರ್ಚಿಗಿಂತ 4,500 ಕಡಿಮೆಯೇ ಆಯಿತು. ಸೋಮವಾರಗಳ ದಿನದ ಪಾಸುಗಳನ್ನು ಆ ಉಳಿತಾಯದಲ್ಲೇ ಹೊಂದಿಸಲು ನೋಡಿ. ನಿಮ್ಮ ಪಾಲುದಾರರು ಖಾಲಿ ಕುರ್ಚಿಗಳಿಗೆ ಹಣ ಕಟ್ಟಿ, ದುಡಿಯುವ ಮನುಷ್ಯರನ್ನು ಕಳಿಸಲು ಹೊರಟಿದ್ದಾರೆ.

ಇನ್ನೊಂದು ಮಾತು. ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರೂ ಮುಂಗಡದಲ್ಲಿ 5,58,000 ನಿಮಗೆ ಮರಳಬೇಕು. ಕೆಡವುವ ಮನೆಗೆ ಸುಣ್ಣಬಣ್ಣದ ಹಣ ಏಕೆಂದು ಕೇಳುವ ಹಕ್ಕು ನಿಮಗಿದೆ, ಕೇಳಿ. ಕೋವರ್ಕಿಂಗ್‌ನವರು ಎರಡು ತಿಂಗಳ ಠೇವಣಿ ಕೇಳಿದರೆ 1,53,000 ಹೋಗುತ್ತದೆ. ಉಳಿದ ನಾಲ್ಕು ಲಕ್ಷ ಸಣ್ಣ ಸಂಸ್ಥೆಗೆ ಸಣ್ಣ ಹಣವಲ್ಲ.

ಆರು ವರ್ಷದಲ್ಲಿ ಆ ಸಹಾಯಕರಿಗೆ ಯಾವ ಆಸ್ಪತ್ರೆಯ ಲೆಕ್ಕದವರು ಯಾವ ಹೊತ್ತಿಗೆ ಚೆಕ್ ಕೊಡುತ್ತಾರೆ ಎಂಬುದು ತಿಳಿದಿರುತ್ತದೆ. ಬಿಲ್ ಪ್ರಿಂಟರ್ ತಲುಪಿಸುವುದು, ಕಾಗದದ ಸುರುಳಿ ಹಾಕುವುದನ್ನು ಕೌಂಟರಿನವರಿಗೆ ತೋರಿಸಿಕೊಡುವುದು, ಬಾಕಿ ವಸೂಲಿ, ಇವನ್ನು ಅವರಿಗೆ ವಹಿಸಿ. ಅವರ ಹೆಸರಿನಲ್ಲೂ ಪ್ರವೇಶ ಕಾರ್ಡ್ ಕೊಡಬೇಕೆಂದು ಒಪ್ಪಂದದಲ್ಲೇ ಬರೆಯಿಸಿ. ಇಲ್ಲದಿದ್ದರೆ ತಮ್ಮದೇ ಕಚೇರಿಯ ಬಾಗಿಲಲ್ಲಿ ಅವರು ಸಂದರ್ಶಕರ ಪುಸ್ತಕಕ್ಕೆ ಸಹಿ ಹಾಕಿ ಕಾಯಬೇಕಾಗುತ್ತದೆ.

ಜಾಗ ನೋಡಲು ಹೋಗುವುದಾದರೆ ಕೆಲಸದ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ. 2019ರಲ್ಲಿ ನನ್ನ ಏಳು ಜನರ ತಂಡವನ್ನು ಮಲ್ಲೇಶ್ವರದ ಹಳೆಯ ಮನೆಯಿಂದ ಇಂಥದ್ದೇ ಜಾಗಕ್ಕೆ ಒಯ್ದಾಗ ನಾನು ಭಾನುವಾರ ನೋಡಿ ಮೆಚ್ಚಿದ್ದೆ. ಬಿಸಿಲು, ಗಿಡಗಳು, ನಿಶ್ಶಬ್ದ. ಸೋಮವಾರ ಅಲ್ಲಿ ಅರವತ್ತು ಜನ, ಫೋನಿನಲ್ಲಿ ಮಾತಾಡಲು ಒಂದೇ ಗಾಜಿನ ಗೂಡು. ಗ್ರಾಹಕರ ಕರೆ ನೋಡಿಕೊಳ್ಳುತ್ತಿದ್ದ ಹುಡುಗಿ ಮೂರು ತಿಂಗಳು ಮೆಟ್ಟಿಲ ಮೇಲೆ ಕುಳಿತು ಮಾತಾಡಿದಳು, ಕೊನೆಗೆ ಕೆಲಸ ಬಿಟ್ಟಳು. ಅವಳು ಬಿಟ್ಟದ್ದು ನನ್ನಿಂದ. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ನಿಮಗಂತೂ ಇದು ಇನ್ನೂ ಸೂಕ್ಷ್ಮ. ನಿಮ್ಮವರು ಫೋನಿನಲ್ಲಿ ರೋಗಿಯ ಹೆಸರು, ಪರೀಕ್ಷೆಯ ಹೆಸರು ಹೇಳುತ್ತಾರೆ. ಪಕ್ಕದ ಮೇಜಿನಲ್ಲಿ ಕುಳಿತವರು ಯಾರೋ ಗೊತ್ತಿಲ್ಲ. ತೆರೆದ ಹಜಾರದ ಸೀಟು ಅಗ್ಗವಾದರೂ ಬೇಡ, ಬಾಗಿಲಿರುವ ಕೋಣೆಯನ್ನೇ ಕೇಳಿ. ಆ 8,500 ಯಾವುದರ ದರ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಕೋಣೆಗೆ ಹೆಚ್ಚಾದರೆ ಮೇಲಿನ ಲೆಕ್ಕವನ್ನು ಮತ್ತೊಮ್ಮೆ ಹಾಕಬೇಕು. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರುವ ವೈಫೈ ಬೇಡ, ನಿಮ್ಮ ತಂಡಕ್ಕೆ ಪ್ರತ್ಯೇಕ ಜಾಲ ಇರಲಿ.

ಒಪ್ಪಂದ ಓದುವಾಗ ಅದು ಬಾಡಿಗೆ ಕರಾರಲ್ಲ ಎಂಬುದು ನೆನಪಿರಲಿ. ಸಾಮಾನ್ಯವಾಗಿ ಅದು ಕೇವಲ ಬಳಕೆಯ ಅನುಮತಿ. 1882ರ ಅನುಭೋಗ ಹಕ್ಕುಗಳ ಕಾಯ್ದೆಯ 52ನೇ ಸೆಕ್ಷನ್ ಹೇಳುವ ‘ಲೈಸೆನ್ಸ್’ ಅದು. ಜಾಗದ ಮೇಲೆ ಬಾಡಿಗೆದಾರನಿಗಿರುವಂಥ ಹಕ್ಕು ನಿಮಗೆ ಬರುವುದಿಲ್ಲ. ನಡೆಸುವವರೂ ಅನೇಕ ಕಡೆ ಬಾಡಿಗೆದಾರರೇ. ಕಟ್ಟಡದ ಮಾಲೀಕರೊಡನೆ ಅವರ ಕರಾರು ಎಷ್ಟು ವರ್ಷ ಉಳಿದಿದೆ ಎಂದು ನೇರವಾಗಿ ಕೇಳಿ. ನಡುವೆ ಸೀಟು ಕಡಿಮೆ ಮಾಡಬಹುದೇ, ಸಂಜೆ ಏಳರ ನಂತರ ಎಸಿಗೆ ಬೇರೆ ಹಣವೇ ಎಂಬುದೂ ಕಾಗದದಲ್ಲಿರಲಿ.

ದಾರಿಯಲ್ಲಿ ಸಿಲ್ಕ್ ಬೋರ್ಡ್ ವೃತ್ತದ ವಾಹನ ದಟ್ಟಣೆ ದಾಟುವ ಚಿಂತೆ ಮೊದಲಿನಷ್ಟಿಲ್ಲ. 2025ರ ಆಗಸ್ಟ್‌ನಿಂದ ಆರ್.ವಿ. ರಸ್ತೆಯಿಂದ ಸಿಲ್ಕ್ ಬೋರ್ಡ್ ಮೂಲಕ ಹಳದಿ ಮಾರ್ಗದ ಮೆಟ್ರೋ ಓಡುತ್ತಿದೆ. ಆದರೂ ನಿಲ್ದಾಣದಿಂದ ಮುಂದೆ ಆಟೊ ಬೇಕಾದೀತು. ಪ್ರತಿಯೊಬ್ಬರ ದಾರಿಯನ್ನೂ ಕೇಳಿ, ಸಹಾಯಕರದ್ದನ್ನು ಮೊದಲು ಕೇಳಿ.

ಪ್ರಶ್ನೆ: ನಾವು ಕೋವರ್ಕಿಂಗ್ ಜಾಗಕ್ಕೆ ಬಂದು ಹತ್ತು ದಿನವಾಯಿತು. ನಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿ. ವಿಳಾಸವನ್ನು ಎಲ್ಲೆಲ್ಲಿ ಬದಲಿಸಬೇಕು?
– ಓದುಗರು, ಮೈಸೂರು

ಉತ್ತರ: ಜಿಎಸ್‌ಟಿಯಲ್ಲಿ ವಿಳಾಸ ಬದಲಾವಣೆಗೆ 15 ದಿನಗಳ ಗಡುವು. ಇಂದೇ ಕೂತು ಮಾಡಿ. ನೋಂದಾಯಿತ ಕಚೇರಿಯನ್ನೂ ಅಲ್ಲಿಗೆ ತಂದಿದ್ದರೆ ಕಂಪನಿ ನೋಂದಣಾಧಿಕಾರಿಗೆ 30 ದಿನಗಳೊಳಗೆ ಐಎನ್‌ಸಿ-22 ನಮೂನೆ ಸಲ್ಲಿಸಬೇಕು. ಎರಡಕ್ಕೂ ಜಾಗ ನಡೆಸುವವರಿಂದ ಒಪ್ಪಂದದ ಪ್ರತಿ, ಒಪ್ಪಿಗೆ ಪತ್ರ, ವಿದ್ಯುತ್ ಬಿಲ್ಲು ಬೇಕಾಗುತ್ತವೆ. ಕೊಡಲು ತಡಮಾಡಿದರೆ ಬಿಡದೆ ಕೇಳಿ.

ಹಲವರು ಮರೆಯುವುದು ನಾಮಫಲಕವನ್ನು. 2013ರ ಕಂಪನಿ ಕಾಯ್ದೆಯ ಪ್ರಕಾರ ವ್ಯವಹಾರ ನಡೆಸುವ ಪ್ರತಿ ಜಾಗದ ಹೊರಗೂ ಕಂಪನಿಯ ಹೆಸರು, ನೋಂದಾಯಿತ ವಿಳಾಸ ಇರಬೇಕು, ಸ್ಥಳೀಯ ಭಾಷೆಯ ಲಿಪಿಯಲ್ಲೂ ಇರಬೇಕು. ಸ್ವಾಗತ ಕೊಠಡಿಯ ಪರದೆಯಲ್ಲಿ ಇಂಗ್ಲಿಷ್‌ನಲ್ಲಿ ಓಡುವ ಪಟ್ಟಿ ಇದಕ್ಕೆ ಸಾಲದು. ನಿಮ್ಮ ಕೋಣೆಯ ಬಾಗಿಲಿಗೆ ಕನ್ನಡದಲ್ಲೂ ಒಂದು ಫಲಕ ಹಾಕಿಸಿ.