ಓದುಗರ ಪ್ರಶ್ನೆ: ಪೊಲಿಟಿಕಲ್ ಸೈನ್ಸ್‌ನಲ್ಲಿ ಮುಂದೆ ಓದಬೇಕು, ಅರ್ಜಿ ಹಾಕೋದು ಹೇಗೆ?

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲೇ ಎಂ.ಎ. ರಾಜ್ಯಶಾಸ್ತ್ರ ಕೊನೆಯ ವರ್ಷದಲ್ಲಿದ್ದೇನೆ. ಅಮೆರಿಕದಲ್ಲಿ ಪಿಎಚ್.ಡಿ. ಮಾಡುವ ಆಸೆ. ಎಸ್‌ಒಪಿ (ಏನು ಓದಬೇಕು, ಯಾಕೆ ಎಂದು ಅರ್ಜಿಯ ಜೊತೆ ಕೊಡುವ ಬರಹ) ಬರೆದು ಜೊತೆಗೆ ಕಳಿಸಿದ್ದೇನೆ, ನೋಡಿ ಹೇಳಿ. ರೆಕಮೆಂಡೇಶನ್ ಲೆಟರ್ ಕೇಳಿದರೆ ಸರ್ ಒಬ್ಬರು "ನೀನೇ ಬರ್ಕೊಂಡು ಬಾರಮ್ಮ, ಸೈನ್ ಹಾಕ್ತೀನಿ" ಅಂದರು. ಹಾಗೆ ಮಾಡಬಹುದಾ? ಖರ್ಚಿನದೂ ಭಯ ಇದೆ.
– ಹೆಸರು ಬೇಡ, ಕಾಮಾಕ್ಷಿಪಾಳ್ಯ

ಉತ್ತರ: ಎಸ್‌ಒಪಿ ಪೂರ್ತಿ ಓದಿದೆ. "ಚಿಕ್ಕಂದಿನಿಂದಲೂ ನನಗೆ ರಾಜಕೀಯ ಎಂದರೆ ಪ್ರಾಣ" ಎಂದು ಶುರುವಾಗುತ್ತದೆ. ಆಮೇಲೆ ಅರಿಸ್ಟಾಟಲ್ ಬಂದರು, ಅಂಬೇಡ್ಕರ್ ಬಂದರು, ಪ್ರಜಾಪ್ರಭುತ್ವದ ಮಹತ್ವ ಬಂತು. ಒಂದು ಪುಟ ಮುಗಿದರೂ ನೀವು ಮಾತ್ರ ಬರಲಿಲ್ಲ. ಎರಡನೇ ಪುಟದ ತಳದಲ್ಲಿ ಯಾರ ಕಣ್ಣಿಗೂ ಬೀಳಬಾರದು ಅನ್ನೋ ಹಾಗೆ ಒಂದು ಮಾತು ಸೇರಿಸಿದ್ದೀರಿ. ಪ್ರಾಜೆಕ್ಟ್‌ಗಾಗಿ ನಿಮ್ಮ ವಾರ್ಡ್ ಸುತ್ತಿದ್ದು, ಕಸದ ಗಾಡಿ ಬರದಿದ್ದರೆ ಯಾರಿಗೆ ಹೇಳ್ತೀರಿ ಎಂದು ಕೇಳಿದ್ದು, ಸುಮಾರು ಜನ ಮಾಜಿ ಕಾರ್ಪೊರೇಟರ್ ಹೆಸರು ಹೇಳಿದ್ದು. ಅಯ್ಯೋ, ಇದನ್ನು ಕೈಯಲ್ಲಿಟ್ಟುಕೊಂಡು ಅರಿಸ್ಟಾಟಲ್ ಹತ್ತಿರ ಯಾಕೆ ಹೋದಿರಿ?

ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ಕಾರುಬಾರು. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆಗಳು ಬಂದವು. ಮಾಜಿ ಸದಸ್ಯರ ಕೈಯಲ್ಲಿ ಕುರ್ಚಿ ಇಲ್ಲ, ಅನುದಾನ ಇಲ್ಲ. ಆದರೂ ಜನ ಅದೇ ಮನೆ ಬಾಗಿಲಿಗೆ ಹೋಗುತ್ತಾರೆ ಅಂದರೆ ಏನರ್ಥ? ಮುಂದಿನ ಸಲ ಟಿಕೆಟ್ ಸಿಗಲಿ ಎಂದು ಅವರು ಕೆಲಸ ಮಾಡಿಸಿಕೊಡುತ್ತಾರಾ? ಅಧಿಕಾರ ಇಲ್ಲದವರ ಫೋನಿಗೆ ಇಂಜಿನಿಯರ್ ಯಾಕೆ ಓಗೊಡುತ್ತಾರೆ? ಸ್ವಂತ ಮನೆಯವರು ಜಾಸ್ತಿ ಇರುವ ಬೀದಿಯಲ್ಲೂ ಬಾಡಿಗೆಯವರು ಜಾಸ್ತಿ ಇರುವ ಬೀದಿಯಲ್ಲೂ ಇದು ಒಂದೇ ಥರಾನಾ? ಈ ಹುಡುಗಿಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಇದೆಯಾ, ಅದರ ಹಿಂದೆ ಐದಾರು ವರ್ಷ ಅಲೆಯುವ ಹುಚ್ಚು ಇದೆಯಾ ಎಂದು ನೋಡಲಿಕ್ಕೇ ಅಡ್ಮಿಶನ್ ಕಮಿಟಿಯವರು ಎಸ್‌ಒಪಿ ಓದುವುದು. ಹಾಗಾಗಿ ಕಸದ ಗಾಡಿಯನ್ನು ಮೊದಲ ಪ್ಯಾರಾಕ್ಕೆ ತನ್ನಿ. ಇದನ್ನು ಹೇಗೆ ಹುಡುಕುತ್ತೀರಿ, ಯಾರನ್ನು ಮಾತಾಡಿಸುತ್ತೀರಿ, ಯಾವ ದಾಖಲೆ ನೋಡುತ್ತೀರಿ ಎಂದು ಎರಡನೆಯದರಲ್ಲಿ ಬರೆಯಿರಿ. ಆ ವಿಭಾಗದಲ್ಲಿ ಯಾರ ಕೆಲಸ ಇದಕ್ಕೆ ಹತ್ತಿರ ಎಂಬುದು ಕೊನೆಗೆ ಬರಲಿ. ಅವರು ಭಾರತದ ಬಗ್ಗೆಯೇ ಬರೆದಿರಬೇಕು ಅಂತೇನಿಲ್ಲ, ಬ್ರೆಜಿಲ್‌ನ ನಗರಗಳ ಬಗ್ಗೆ ಬರೆದವರೂ ಆದೀತು. ಆದರೆ ಅವರ ಒಂದು ಲೇಖನವನ್ನಾದರೂ ನಿಜವಾಗಿ ಓದಿರಿ. ವೆಬ್‌ಸೈಟ್ ನೋಡಿ ನಾಲ್ಕು ಹೆಸರು ಸುಮ್ನೆ ಪೋಣಿಸಿದರೆ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು. ಫಾರ್ಮ್‌ನಲ್ಲಿ ನಿಮ್ಮ ಕ್ಷೇತ್ರ 'ಪಬ್ಲಿಕ್ ಅಡ್ಮಿನಿಸ್ಟ್ರೇಶನ್' ಎಂದು ಹಾಕುತ್ತೇನೆ ಅಂದಿದ್ದೀರಿ. ನಮ್ಮ ಸಿಲೆಬಸ್ ಲೆಕ್ಕದಲ್ಲಿ ಸರಿ. ಅಲ್ಲಿನ ಪೊಲಿಟಿಕಲ್ ಸೈನ್ಸ್ ವಿಭಾಗಗಳಲ್ಲಿ ಭಾರತದ ರಾಜಕೀಯ ಸಾಮಾನ್ಯವಾಗಿ 'ಕಂಪ್ಯಾರೆಟಿವ್ ಪಾಲಿಟಿಕ್ಸ್' ಕೆಳಗೆ ಬರುತ್ತದೆ. ಅಮೆರಿಕದ ರಾಜಕೀಯಕ್ಕೆ ಒಂದು ಪೂರ್ತಿ ಖಾನೆ, ಉಳಿದ ಪ್ರಪಂಚಕ್ಕೆಲ್ಲ ಸೇರಿ ಇನ್ನೊಂದು. ಅವರ ಮನೆ, ಅವರ ಲೆಕ್ಕ! ಜೊತೆಗೆ ಸ್ಟ್ಯಾಟಿಸ್ಟಿಕ್ಸ್ ಈಗಲೇ ಸ್ವಲ್ಪ ಕಲಿಯಿರಿ. ಅಲ್ಲಿ ಮೊದಲ ವರ್ಷವೇ ತಲೆ ಮೇಲೆ ಬಂದು ಕೂರುತ್ತದೆ.

ಲೆಟರ್ ವಿಷಯ. ನೀವೇ ಬರೆದುಕೊಂಡು ಹೋಗಬೇಡಿ. ಅದು ತಪ್ಪು, ಸಿಕ್ಕಿಬಿದ್ದರೆ ಅರ್ಜಿಯೇ ಹೋಗುತ್ತದೆ, ಮೇಲಾಗಿ ಎಸ್‌ಒಪಿಯ ಇಂಗ್ಲಿಷೂ ಲೆಟರಿನ ಇಂಗ್ಲಿಷೂ ಒಂದೇ ಥರ ಇದ್ದರೆ ಯಾರಿಗೆ ತಿಳಿಯಲ್ಲ ಹೇಳಿ? ಪಾಪ, ಮೇಷ್ಟ್ರಿಗೆ ಪುರುಸೊತ್ತಿಲ್ಲ, ಏನು ಬರೆಯಬೇಕೆಂದೂ ಹೊಳೆಯಲ್ಲ. ಅವರ ಕೆಲಸ ಹಗುರ ಮಾಡಿ. ಅವರ ಪೇಪರ್‌ನಲ್ಲಿ ನಿಮಗೆ ಬಂದ ಅಂಕ, ನೀವು ಕೊಟ್ಟ ಸೆಮಿನಾರ್, ವಾರ್ಡ್ ಪ್ರಾಜೆಕ್ಟ್, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಎಸ್‌ಒಪಿ ಜೊತೆಗೆ ಕೊಡಿ. ಸಾಮಾನ್ಯವಾಗಿ ಮೂರು ಲೆಟರ್ ಬೇಕು. ಯೂನಿವರ್ಸಿಟಿಯಿಂದ ಅವರ ಇ-ಮೇಲ್‌ಗೆ ಲಿಂಕ್ ಬರುತ್ತದೆ, ಅವರೇ ಅಪ್‌ಲೋಡ್ ಮಾಡಬೇಕು. ಬಹಳಷ್ಟು ಕಡೆ ಕೊನೆಯ ದಿನಾಂಕ ಡಿಸೆಂಬರ್‌ನಲ್ಲಿ. ದಸರಾ ರಜೆಗೆ ಮುಂಚೆಯೇ ಕೇಳಿಟ್ಟುಕೊಳ್ಳಿ. ಹೆಡ್ ಆಫ್ ದಿ ಡಿಪಾರ್ಟ್‌ಮೆಂಟ್ ಸಹಿಯೇ ಬೇಕು ಎನ್ನುವ ಹಟ ಬೇಡ. ನಿಮ್ಮ ಬರವಣಿಗೆ ಓದಿದ ಗೆಸ್ಟ್ ಲೆಕ್ಚರರ್ ಬರೆದ ಪತ್ರವೇ ಎಷ್ಟೋ ಮೇಲು.

ಖರ್ಚು: ಅಲ್ಲಿ ಪಿಎಚ್.ಡಿ.ಗೆ ಸೀಟು ಕೊಡುವ ಒಳ್ಳೆಯ ವಿಭಾಗಗಳು ಹೆಚ್ಚಾಗಿ ಫೀಸ್ ಮನ್ನಾ ಮಾಡಿ ಸ್ಟೈಪೆಂಡನ್ನೂ ಕೊಡುತ್ತವೆ, ಬದಲಿಗೆ ನೀವು ಪಾಠದಲ್ಲಿ, ಪೇಪರ್ ತಿದ್ದುವುದರಲ್ಲಿ ಕೈಜೋಡಿಸಬೇಕು. ಬರೀ ಮಾಸ್ಟರ್ಸ್‌ಗೆ ಹೋದರೆ ಬಹುಪಾಲು ಕೈಯಿಂದಲೇ ಹಾಕಬೇಕು. ಅದಕ್ಕಾಗಿ ಸೈಟು ಮಾರಿ, ಮನೆ ಅಡ ಇಡಿ ಎಂದು ನಾನಂತೂ ಹೇಳಲ್ಲ. ಅರ್ಜಿ ಶುಲ್ಕ ಒಂದೊಂದು ಕಡೆಗೂ ಸಾವಿರಾರು ರೂಪಾಯಿ ಆಗುತ್ತದೆ. ಮನ್ನಾ ಮಾಡುತ್ತೀರಾ ಎಂದು ಮೇಲ್ ಹಾಕಿ ಕೇಳಿ, ಸಂಕೋಚ ಬೇಡ, ಎಷ್ಟೋ ಕಡೆ ಒಪ್ಪುತ್ತಾರೆ. ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯನ್ನು ಅನೇಕರು ಕೈಬಿಟ್ಟಿದ್ದಾರೆ, ಹಾಗಾಗಿ ನೀವು ಅರ್ಜಿ ಹಾಕುವ ಕಡೆ ಅದನ್ನು ಕೇಳುತ್ತಾರಾ ಎಂದು ನೋಡದೆ ದುಡ್ಡು ಕಟ್ಟಬೇಡಿ.

ಪ್ರಶ್ನೆ: ಪಿಯುವರೆಗೆ ಕನ್ನಡ ಮೀಡಿಯಂ, ಈಗ ಬಿ.ಎ. ಕೊನೆಯ ವರ್ಷ. ಜೆಎನ್‌ಯು ಅಥವಾ ಹೈದರಾಬಾದ್‌ನಲ್ಲಿ ಎಂ.ಎ. ಮಾಡಬೇಕು. ಸಿಯುಇಟಿ (ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ಕನ್ನಡದಲ್ಲಿ ಬರೆಯಬಹುದಾ?
– ಓದುಗ, ಯಲಹಂಕ

ಉತ್ತರ: ಇಲ್ಲ. ಡಿಗ್ರಿಗೆ ಸೇರುವ ಸಿಯುಇಟಿ ಕನ್ನಡದಲ್ಲಿದೆ, ನೀವು ಬರೆಯಬೇಕಾದ ಪಿಜಿ ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಇದು ಅನ್ಯಾಯ ಎಂದು ನನಗೂ ಅನಿಸುತ್ತದೆ. ಆದರೆ ನಿಮಗಿರುವ ಸಮಯವನ್ನು ಸಿಟ್ಟಿಗೆ ಖರ್ಚು ಮಾಡಬೇಡಿ. ಇತ್ತೀಚಿನ ಮಾದರಿಯಲ್ಲಿ 75 ಪ್ರಶ್ನೆ, 90 ನಿಮಿಷ, ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಳೆಯುತ್ತಾರೆ. ಪ್ರಬಂಧ ಬರೆಯುವುದಿಲ್ಲ, ಟಿಕ್ ಮಾಡುವುದು. ಅಂದರೆ ನಿಮಗೆ ಬೇಕಿರುವುದು ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್. ವಿಷಯವನ್ನು ಕನ್ನಡ ಪುಸ್ತಕದಲ್ಲಿ ಗಟ್ಟಿ ಮಾಡಿಕೊಂಡು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಂಗ್ಲಿಷ್‌ನಲ್ಲಿ ಗಡಿಯಾರ ಇಟ್ಟುಕೊಂಡು ಬಿಡಿಸಿ. ಅರ್ಜಿ ಸಾಮಾನ್ಯವಾಗಿ ಡಿಸೆಂಬರ್–ಜನವರಿ ಹೊತ್ತಿಗೆ ಬರುತ್ತದೆ, ಪರೀಕ್ಷೆ ಮಾರ್ಚ್ ಸುಮಾರಿಗೆ. ನಮ್ಮ ಹುಡುಗರು ಎಡವುವುದು ಪರೀಕ್ಷೆ ಆದ ಮೇಲೆ. ಒಳ್ಳೆಯ ಅಂಕ ಬಂತು, ಇನ್ನು ಅವರೇ ಕರೆಯುತ್ತಾರೆ ಎಂದು ಕೂತುಬಿಡುತ್ತಾರೆ. ಯಾರೂ ಕರೆಯಲ್ಲ! ಜೆಎನ್‌ಯು, ಹೈದರಾಬಾದ್, ದೆಹಲಿ ಯೂನಿವರ್ಸಿಟಿ, ಒಂದೊಂದರ ಪೋರ್ಟಲ್‌ನಲ್ಲೂ ಬೇರೆ ಬೇರೆ ನೋಂದಣಿ ಮಾಡಬೇಕು. ಇಲ್ಲೇ ಜ್ಞಾನಭಾರತಿಗೂ (ಬೆಂಗಳೂರು ವಿಶ್ವವಿದ್ಯಾಲಯ) ಒಂದು ಅರ್ಜಿ ಹಾಕಿಡಿ.

ಪ್ರಶ್ನೆ: ಮಗಳು ಬಿ.ಕಾಂ. ಮುಗಿಸಿ ಎಂ.ಎ. ಪೊಲಿಟಿಕಲ್ ಸೈನ್ಸ್ ಅಂತ ಕೂತಿದ್ದಾಳೆ. ಎಲೆಕ್ಷನ್‌ಗೆ ನಿಲ್ತಾಳಾ? ಹೊಟ್ಟೆಪಾಡಿಗೆ ಏನು ಗತಿ?
– ತಂದೆ, ಬಸವನಗುಡಿ

ಉತ್ತರ: ಎಲೆಕ್ಷನ್‌ಗೆ ನಿಲ್ಲಲು ಎಂ.ಎ. ಯಾರು ಕೇಳುತ್ತಾರೆ ಸರ್! ಕೆಲಸದ ವಿಷಯ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಎಂ.ಎ. ಒಂದರಿಂದಲೇ ಕೆಲಸ ಸಿಗುವುದು ಕಷ್ಟ. 55% ತೆಗೆದು, ಮೀಸಲಾತಿ ಇದ್ದರೆ 50%, ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಕೆ-ಸೆಟ್ (ರಾಜ್ಯದ್ದು) ಪಾಸಾದರೆ ಡಿಗ್ರಿ ಕಾಲೇಜಿನ ಬಾಗಿಲು ತೆರೆಯುತ್ತದೆ. ನೆಟ್‌ನಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಬಂದರೆ ಪಿಎಚ್.ಡಿ. ಮಾಡುವಾಗ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಕಾಯಂ ಹುದ್ದೆ ಸಿಗುವವರೆಗೆ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ದುಡಿಯಬೇಕಾಗಬಹುದು, ಅದು ಅವಳಿಗೂ ಗೊತ್ತಿರಲಿ. ಕೆಎಎಸ್, ಐಎಎಸ್‌ಗೆ ಓದುವವರಿಗಂತೂ ಈ ವಿಷಯ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಬಿ.ಕಾಂ. ಓದಿದವಳಿಗೆ ಪಾಲಿಕೆಯ ಬಜೆಟ್ ಓದಲು ಬರುತ್ತದಲ್ವಾ, ನಮ್ಮ ಎಂ.ಎ. ಹುಡುಗರಲ್ಲಿ ಹೆಚ್ಚಿನವರಿಗೆ ಬರಲ್ಲ. ಆದರೆ ಬೇರೆ ವಿಷಯದ ಡಿಗ್ರಿಯವರನ್ನು ಎಲ್ಲ ಕಡೆ ತೆಗೆದುಕೊಳ್ಳುವುದಿಲ್ಲ, ಆಯಾ ಯೂನಿವರ್ಸಿಟಿಯ ನಿಯಮ ನೋಡಿಯೇ ಫೀಸ್ ಕಟ್ಟಿ.

ಪ್ರಶ್ನೆ: ಬ್ಯಾಂಕ್ ಕೆಲಸ ಬಿಡದೆ ಎಂ.ಎ. ಮಾಡಬಹುದಾ? ಕನ್ನಡದಲ್ಲೇ ಬರೆಯಬೇಕು.
– ಓದುಗಿ, ಕೆಂಗೇರಿ

ಉತ್ತರ: ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮಾಡಬಹುದು. ಇಗ್ನೋದಲ್ಲೂ ಎಂ.ಎ. ಇದೆ, ಕನ್ನಡ ಇಲ್ಲ. ಮುಂದೆ ಕೆ-ಸೆಟ್ ಬರೆಯುವ ಯೋಚನೆ ಇದ್ದರೆ ಅದರ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ.