ನೆರೆ ಬಂದ ಊರಿಗೆ ಉದ್ಯಮ ಬರುತ್ತಾ?

ನಮಸ್ಕಾರ ಸರ್. ನೆರೆಗೆ ಸಿಕ್ಕ ನಿಮ್ಮೂರಿಗೆ ಉದ್ಯಮಗಳು ಮತ್ತೆ ಬರುತ್ತವಾ, ಪುಣೆಯಲ್ಲಿ ಏನಾಯ್ತು ಅಂತ ಕೇಳಿದ್ದೀರಿ. ಬರುತ್ತವೆ. ಆದರೆ ತಾವಾಗೇ ಬರುವುದಿಲ್ಲ.

1961ರ ಜುಲೈ 12ರಂದು ಪುಣೆ ಹತ್ತಿರದ ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಆ ನೀರಿಗೆ ಕೆಳಗಿನ ಖಡಕ್‌ವಾಸ್ಲಾ ಅಣೆಕಟ್ಟೂ ತಾಳಲಿಲ್ಲ. ಮುಠಾ ನದಿ ಪುಣೆಯ ಹಳೇ ಪೇಟೆಗಳಿಗೆ ನುಗ್ಗಿತು. ನಾವು ನಾರಾಯಣ ಪೇಟೆಯಲ್ಲಿ ಬಾಡಿಗೆಗಿದ್ದಾಗ ಮನೆಯೊಡತಿ ಅಜ್ಜಿ ಮೆಟ್ಟಿಲು ಹತ್ತಿ, ಗೋಡೆಗೆ ಕೈ ಇಟ್ಟು, "ನೀರು ಇಲ್ಲಿವರೆಗೆ" ಅಂತ ತೋರಿಸುತ್ತಿದ್ದರು. ಆ ಕೈ ನನ್ನ ತಲೆಗಿಂತ ಮೇಲಿತ್ತು.

ಮನೆ ಕಳೆದುಕೊಂಡವರಿಗೆ ಗೋಖಲೆನಗರ, ಲೋಕಮಾನ್ಯನಗರದಂಥ ಬಡಾವಣೆಗಳು ಎದ್ದವು. 1962ರಲ್ಲಿ ಎಂಐಡಿಸಿ, ಅಂದರೆ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ, ಶುರುವಾಯ್ತು. ಅದು ನೆರೆಗೆಂದೇ ಬಂದದ್ದಲ್ಲ, ಇಡೀ ಮಹಾರಾಷ್ಟ್ರಕ್ಕೆ ಬಂದದ್ದು. ಆದರೆ ಪುಣೆ ಪಕ್ಕದ ಪಿಂಪ್ರಿ, ಭೋಸರಿ ಕಡೆ ಪ್ಲಾಟು, ರಸ್ತೆ, ನೀರು ಒಟ್ಟಿಗೇ ಸಿಕ್ಕವು. ಪಿಂಪ್ರಿಯಲ್ಲಿ ಔಷಧ ಕಂಪನಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ 1954ರಲ್ಲೇ ಸ್ಥಾಪನೆಯಾಗಿತ್ತು. ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್), ಬಜಾಜ್ ಬಂದ ಮೇಲೆ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪ್‌ಗಳು ಸುತ್ತಲೂ ಬೆಳೆದವು. ಕೆಲಸ ಜಾಸ್ತಿ ಸಿಕ್ಕಿದ್ದು ಅಲ್ಲೇ.

ನೀವೂ ತೆರಿಗೆ ರಿಯಾಯಿತಿಗಿಂತ ಮೊದಲು ಎತ್ತರದ ಜಾಗ, ಕರೆಂಟು, ನೀರು ಕೇಳಿ. ಈಗಿರುವ ಅಂಗಡಿಯವರಿಗೆ ಬೇಗ ಸಾಲ ಸಿಗಲಿ. ಅವರೇ ಬಾಗಿಲು ಹಾಕಿದರೆ ಹೊರಗಿನವರು ಯಾಕೆ ಬರುತ್ತಾರೆ, ಅಲ್ವಾ? ಊರಿನ ವರ್ತಕರನ್ನು ಕೂರಿಸಿ, ಯಾರಿಗೆ ಎಷ್ಟು ನಷ್ಟ ಅಂತ ಈ ವಾರವೇ ಬರೆದಿಡಿ.