ಸೀ ಲಿಂಕ್ ಕಾಣುವ ಆ ಮೂರು ಸೆಕೆಂಡಿಗಾಗಿ

ಯಾರಿಗೂ ಹೇಳದೆ ನೋಡುವ ರಿಯಾಲಿಟಿ ಶೋ ಯಾವುದು, ಯಾಕೆ ನೋಡ್ತೀರಿ ಅಂತ ಕೇಳಿದ್ದೀರಿ. ನನ್ನದು ನೆಟ್‌ಫ್ಲಿಕ್ಸ್‌ನ 'ಫ್ಯಾಬ್ಯುಲಸ್ ಲೈವ್ಸ್ ಆಫ್ ಬಾಲಿವುಡ್ ವೈವ್ಸ್'. 2020ರ ನವೆಂಬರ್‌ನಲ್ಲಿ ಬಂತು. ನೀಲಂ, ಮಹೀಪ್, ಭಾವನಾ, ಸೀಮಾ ಅಂತ ಬಾಲಿವುಡ್ ನಟರನ್ನು ಮದುವೆಯಾದ ನಾಲ್ವರು ಹಳೇ ಗೆಳತಿಯರು, ಅವರ ಪಾರ್ಟಿ, ಮುನಿಸು, ರಾಜಿ. ಮೊದಲ ಸೀಸನ್ ನಾಲ್ಕು ಸಲ ನೋಡಿದ್ದೇನೆ. ಅತ್ತೆ ಹಾಲ್‌ಗೆ ಬಂದರೆ ಈಗಲೂ ಟೀವಿ ಆಫ್ ಮಾಡುತ್ತೇನೆ.

ನಾನು ಕೂರುವುದು ಅವರ ಜಗಳ ನೋಡಲಿಕ್ಕಲ್ಲ. ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವ ಮೊದಲು ಮುಂಬೈಯನ್ನು ಮೇಲಿನಿಂದ ತೋರಿಸ್ತಾರಲ್ಲ, ಅದಕ್ಕೆ.

ಈಗ ಕುಂದಾಪುರದಲ್ಲಿದ್ದೇನೆ. 2006ರಿಂದ ಹನ್ನೊಂದು ವರ್ಷ ಮುಂಬೈನ ಮಾಟುಂಗಾದಲ್ಲಿದ್ದೆ. ಹೋದ ಹೊಸತರಲ್ಲಿ ಸಮುದ್ರದ ಮೇಲಿನ ಸೇತುವೆ ಬಾಂದ್ರಾ-ವರ್ಲಿ ಸೀ ಲಿಂಕ್ ಇನ್ನೂ ಕಟ್ಟುತ್ತಿದ್ದರು. 2009ರಲ್ಲಿ ತೆರೆದಾಗ ಬೈಕಿಗೂ ಬಿಡುವುದಿಲ್ಲ, ನಡೆದು ಹೋಗುವವರಿಗೂ ಬಿಡುವುದಿಲ್ಲ ಅಂದರು. ರೂಮಿನ ಮೂವರೂ ದುಡ್ಡು ಕೂಡಿಸಿ ಕಪ್ಪು-ಹಳದಿ ಟ್ಯಾಕ್ಸಿ ಹಿಡಿದೆವು. ಸುಮಾರು ಐದೂವರೆ ಕಿಲೋಮೀಟರ್. ಕಿಟಕಿ ಪೂರ್ತಿ ಇಳಿಸಿದ್ದೆವು, ಗಾಳಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಟೀವಿಯಲ್ಲಿ ಆ ಕೇಬಲ್‌ಗಳು ಕಂಡಾಗೆಲ್ಲ ಮುಖಕ್ಕೆ ಅದೇ ಗಾಳಿ ಬಡಿದ ಹಾಗಾಗುತ್ತದೆ.

ನನ್ನ ಮಾಟುಂಗಾವನ್ನು ಮಾತ್ರ ಆ ಶೋನಲ್ಲಿ ನಾನು ಕಂಡಿಲ್ಲ. ಭಾನುವಾರ ರಾಮ್ ಆಶ್ರಯ ಹೋಟೆಲಿನ ಮುಂದಿನ ಸಾಲು, ಸ್ಟೇಷನ್ ಹೊರಗೆ ಮಾರುವ ಮಲ್ಲಿಗೆ, ಬಾಳೆಎಲೆ, ಮೈಸೂರು ಅಸೋಸಿಯೇಷನ್‌ನ ಕನ್ನಡ ನಾಟಕಗಳು, ಇವನ್ನೆಲ್ಲ ನಾನೇ ಮನಸ್ಸಿನಲ್ಲಿ ಸೇರಿಸಿಕೊಳ್ಳುತ್ತೇನೆ. ಒಂದು ಜುಲೈ ಸಂಜೆ ಕಿಂಗ್ಸ್ ಸರ್ಕಲ್‌ನಲ್ಲಿ ಮೊಣಕಾಲುದ್ದ ನೀರು. ಚಪ್ಪಲಿ ಕೈಯಲ್ಲಿ ಹಿಡಿದು ಹೆದರಿ ನಿಂತಿದ್ದೆ. ಗುರುತು ಪರಿಚಯ ಇಲ್ಲದ ಒಬ್ಬ ಮರಾಠಿ ಮಾವ್ಶಿ ನನ್ನ ಕೈ ಹಿಡಿದರು. ಮ್ಯಾನ್‌ಹೋಲ್ ಬಾಯಿ ತೆರೆದಿದ್ದರೆ ಅಂತ ಹೆಜ್ಜೆ ಹೆಜ್ಜೆಗೂ ಕೊಡೆಯ ತುದಿಯಿಂದ ನೆಲ ಕುಟ್ಟಿ ನೋಡುತ್ತ, 'ಹಳೂ ಹಳೂ ಚಲ್', ಮೆಲ್ಲ ಮೆಲ್ಲಗೆ ನಡಿ, ಅನ್ನುತ್ತ ದಾಟಿಸಿದರು. ಆಚೆ ಬದಿಗೆ ಬಂದದ್ದೇ ಕೈ ಬಿಟ್ಟು ಹೋಗಿಬಿಟ್ಟರು. ಹೆಸರು ಕೇಳಲಿಲ್ಲವಲ್ಲ ಅಂತ ಇವತ್ತಿಗೂ ಬೇಜಾರು.

ಶೋ ಪೂರಾ ಟೊಳ್ಳು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಎಷ್ಟೋ ವರ್ಷ ಸಿನಿಮಾದಿಂದ ದೂರ ಇದ್ದ ನೀಲಂ, ಮತ್ತೆ ಕ್ಯಾಮೆರಾ ಮುಂದೆ ಬರುವ ಅಳುಕಿನ ಬಗ್ಗೆ ಮಾತಾಡುವಾಗ ನನಗೆ ಅದು ನಾಟಕ ಅನ್ನಿಸಲಿಲ್ಲ. ಊರಿಗೆ ವಾಪಸ್ ಬಂದು ಮತ್ತೆ ಕೆಲಸ ಹುಡುಕಿದಾಗ ನನಗೂ ಅದೇ ಅಳುಕಿತ್ತು. ಆದರೆ 2024ರ ಮೂರನೇ ಸೀಸನ್‌ಗೆ ದೆಹಲಿಯ ಮೂವರನ್ನು ತಂದರು, ಜಗಳ ಜಾಸ್ತಿಯಾಯಿತು, ಮುಂಬೈ ಕಡಿಮೆಯಾಯಿತು. ಅದನ್ನು ಅರ್ಧಕ್ಕೇ ಬಿಟ್ಟೆ.

ಮೊನ್ನೆ ಮಗಳು ಪಕ್ಕದಲ್ಲಿ ಕೂತು, 'ಅಮ್ಮ, ಇದರಲ್ಲಿ ನಿನ್ನ ಮನೆ ಎಲ್ಲಿ?' ಅಂದಳು. ಸೀ ಲಿಂಕ್ ಬಂದಲ್ಲಿ ನಿಲ್ಲಿಸಿ ಎದ್ದು ಟೀವಿ ಹತ್ತಿರ ಹೋದೆ. ಮಾಹಿಂ ಕೊಲ್ಲಿಯ ಆಚೆ, ಕಟ್ಟಡಗಳು ಮಸುಕಾಗಿ ಒಂದಕ್ಕೊಂದು ಅಂಟಿಕೊಂಡಿರುವ ಕಡೆ ಬೆರಳಿಟ್ಟು, 'ಇದರ ಹಿಂದೆ' ಅಂದೆ.